ಅಜ್ಜನ ಕಾಯಿಲೆ ನಂಬರ್ ನಲವತ್ತೇಳು

ಎಗೊನ್ ಬಿಟ್ಸರ್ ಬುರ್ಲಿಂಗೆನ್ ಊರಿನ ಆರೋಗ್ಯ ವಿಮಾ ಕಚೇರಿಯಲ್ಲಿ ಮೂವತ್ತೇಳು ವರ್ಷ ಗುಮಾಸ್ತನಾಗಿದ್ದು, ಒಂದು ದಿನವೂ ಹಾಸಿಗೆ ಹಿಡಿಯದೆ ನಿವೃತ್ತನಾದ. ಕಾಯಿಲೆ ಬೀಳಲು ಅವನಿಗೆ ಪುರುಸೊತ್ತು ಇರಲಿಲ್ಲ. ಊರಿನವರ ಕಾಯಿಲೆಗಳಿಗೆಲ್ಲ ನಂಬರು ಹಾಕುವ ಕೆಲಸ ಅವನದಾಗಿತ್ತು. ಕಚೇರಿಯ ಪಟ್ಟಿಯ ಪ್ರಕಾರ ನೆಗಡಿ ಹನ್ನೊಂದು, ಸೊಂಟನೋವು ಅರವತ್ತೆರಡು, ಏಣಿಯಿಂದ ಬಿದ್ದು ಕಾಲು ಮುರಿದರೆ ಎಂಬತ್ತಮೂರು. ನಿವೃತ್ತಿಯ ದಿನ ಪಟ್ಟಿಯನ್ನು ಕಚೇರಿಯಲ್ಲೇ ಬಿಟ್ಟು ಬಂದರೂ ನಂಬರುಗಳು ಮಾತ್ರ ಅವನ ಹಿಂದೆಯೇ ಮನೆಗೆ ಬಂದವು.

ಬೀದಿಯಲ್ಲಿ ಯಾರಾದರೂ ಸೀನಿದರೆ ಬೇರೆಯವರು ಆರೋಗ್ಯ ಹಾರೈಸುತ್ತಿದ್ದರು, ಎಗೊನ್ ಮಾತ್ರ ಹನ್ನೊಂದು ಎನ್ನುತ್ತಿದ್ದ. ಹೆಂಡತಿ ಗಿಸೆಲಾ ಹಣೆ ಒತ್ತಿಕೊಂಡು ಕೂತರೆ, ಅದು ಇಪ್ಪತ್ತನಾಲ್ಕೋ ಇಪ್ಪತ್ತೈದೋ ಎಂದು ವಿಚಾರಿಸುತ್ತಿದ್ದ. ಎರಡೂ ಅಲ್ಲ, ನನ್ನ ತಲೆನೋವಿಗೆ ಕಾರಣ ನೀನು, ನಿನಗಿನ್ನೂ ಯಾರೂ ನಂಬರು ಕೊಟ್ಟಿಲ್ಲ ಎಂದು ಅವಳು ಒಮ್ಮೆ ಹೇಳಿದ್ದುಂಟು. ಶವಸಂಸ್ಕಾರಗಳಿಗಂತೂ ಅವಳು ಅವನನ್ನು ಕರೆದುಕೊಂಡು ಹೋಗುವುದನ್ನೇ ಬಿಟ್ಟಿದ್ದಳು. ಪಾದ್ರಿ ಪ್ರಾರ್ಥನೆ ಹೇಳುತ್ತಿರುವಾಗ ಪಕ್ಕದವರ ಕಿವಿಯಲ್ಲಿ ಸತ್ತವರ ನಂಬರು ಹೇಳುವ ಗಂಡನನ್ನು ಯಾವ ಹೆಂಡತಿ ತಾನೆ ಜೊತೆಗೆ ಕರೆದೊಯ್ದಾಳು? ಈ ವಿದ್ಯೆಯ ಬಗ್ಗೆ ಎಗೊನನಿಗೆ ಸ್ವಲ್ಪ ಜಂಬವಿತ್ತು ಎಂದರೆ ಅವನಿಗೆ ಅನ್ಯಾಯ ಮಾಡಿದಂತೆ. ಬಹಳ ಜಂಬವಿತ್ತು.

ಆ ವರ್ಷ, ಅಂದರೆ ಸಾವಿರದ ಒಂಬೈನೂರ ತೊಂಬತ್ತೇಳರ ಸೆಪ್ಟೆಂಬರಿನಲ್ಲಿ, ಅವನ ಅತ್ತೆ ಪೌಲೀನೆ ಒಂದು ಸಣ್ಣ ಪುಸ್ತಕವನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡು ಅವನ ಮನೆಗೆ ಬಂದಳು. ಪೌಲೀನೆ ಎಗೊನನ ತಂದೆಯ ತಂಗಿ. ನಲವತ್ತು ವರ್ಷ ಬನಿಯನ್ ಗಿರಣಿಯಲ್ಲಿ ತಪ್ಪಿದ ಹೆಣಿಗೆ ಹುಡುಕುವ ಕೆಲಸ ಮಾಡಿದವಳು. ಮದುವೆಯಿಲ್ಲ, ಮಕ್ಕಳಿಲ್ಲ. ನವೆಂಬರಿನ ಮೊದಲ ಭಾನುವಾರಕ್ಕೆ ಅವಳಿಗೆ ಎಂಬತ್ತು ತುಂಬುವುದರಲ್ಲಿತ್ತು. ಅವಳು ಒಳಗೆ ಬರುವ ಮುಂಚೆ ಎಗೊನನ ಮೆಟ್ಟಿಲುಗಳನ್ನು ನೋಡಿ, ಮೂರನೆಯ ಮೆಟ್ಟಿಲ ಮೂಲೆಯಲ್ಲಿ ಒಂದು ಎಲೆ ಉಳಿದಿದೆ ಎಂದು ಗಿಸೆಲಾಗೆ ತಿಳಿಸಿದಳು. ಬುರ್ಲಿಂಗೆನ್ನಿನಲ್ಲಿ ಇದು ಕುಶಲೋಪರಿ. ಅಲ್ಲಿ ಪ್ರತಿ ಮನೆಗೂ ಸರದಿಯ ಮೇಲೆ ಗುಡಿಸುವ ವಾರ ಬರುತ್ತದೆ, ಬಾಗಿಲಿಗೆ ಅದರ ಫಲಕ ನೇತುಬೀಳುತ್ತದೆ. ಆ ವಾರ ಮನೆಯಲ್ಲಿ ಯಾರಾದರೂ ತೀರಿಕೊಂಡರೂ ಮೊದಲು ಮೆಟ್ಟಿಲು, ಆಮೇಲೆ ಅಳು.

ಪೌಲೀನೆ ಕೈವಸ್ತ್ರ ಬಿಚ್ಚಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಅದು ಅವಳ ಅಪ್ಪ, ಅಂದರೆ ಎಗೊನನ ಅಜ್ಜ ಯಾಕೋಬ್ ಬಿಟ್ಸರನ ಸೇನಾ ಪುಸ್ತಕ. ಚಕ್ರವರ್ತಿಯ ಕಾಲದ್ದು. ಅವಳ ಅಮ್ಮ ಬಾರ್ಬರಾಳ ಹಳೆಯ ಹೊಲಿಗೆ ಪೆಟ್ಟಿಗೆಯ ಅಸ್ತರು ಹರಿದಾಗ ತಳದಲ್ಲಿ ಸಿಕ್ಕಿತಂತೆ. ಯಾರೋ ಬೇಕೆಂದೇ ಒಳಗಿಟ್ಟು ಸುತ್ತ ಹೊಲಿದಿದ್ದರು.

"ನಾನು ಬಿಚ್ಚಿ ನೋಡಿಲ್ಲ ಎಗೊನ್," ಎಂದಳು. "ಧೈರ್ಯ ಇಲ್ಲ. ನೀನು ನೋಡಿ ಹೇಳು. ಆ ಚಳಿಗಾಲ ಅಪ್ಪ ಈ ಕಡೆ ಬಂದಿದ್ನಾ, ಇಲ್ವಾ. ಇಲ್ಲ ಅಂದ್ರೆ ಇಲ್ಲ ಅನ್ನು. ಎಂಬತ್ತಾಗತ್ತೆ ನನಗೆ, ತಡ್ಕೋತೀನಿ."

ಯಾವ ಚಳಿಗಾಲ ಎಂದು ಎಗೊನ್ ಕೇಳಲಿಲ್ಲ. ಊರಿನಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಯಾಕೋಬ್ ಬಿಟ್ಸರ್ ಸಾವಿರದ ಒಂಬೈನೂರ ಹದಿನಾರನೇ ಇಸವಿಯ ಆಗಸ್ಟಿನಲ್ಲಿ ರಜೆ ಮುಗಿಸಿ ಯುದ್ಧಕ್ಕೆ ಮರಳಿದವನು ಮತ್ತೆ ಮನೆಗೆ ಬಂದದ್ದು ಹದಿನೇಳರ ಕ್ರಿಸ್ಮಸ್ಸಿಗೆ. ಬಂದಾಗ ತೊಟ್ಟಿಲಲ್ಲಿ ಏಳು ವಾರದ ಪೌಲೀನೆ ಇದ್ದಳು. ಅವನು ಕೂಸನ್ನು ಎತ್ತಿಕೊಂಡು ನಕ್ಕನಂತೆ, ಅಷ್ಟೆ. ಊರು ಮಾತ್ರ ಅಂದಿನಿಂದ ಬೆರಳು ಮಡಿಚಿ ತಿಂಗಳು ಎಣಿಸುತ್ತಲೇ ಇತ್ತು. ಪೌಲೀನೆಗೆ ಇಪ್ಪತ್ತೆರಡು ವರ್ಷವಾದಾಗ ಒಂದು ಒಳ್ಳೆಯ ಸಂಬಂಧ ಕುದುರಿತ್ತು. ಹುಡುಗನ ತಾಯಿಯೂ ಬೆರಳು ಮಡಿಚಿದಳು, ಅಲ್ಲಿಗೆ ಅದು ಮುರಿಯಿತು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಬುರ್ಲಿಂಗೆನ್ನಿನವರು ಬಹಳ ಸಭ್ಯರು, ಎಂಬತ್ತು ವರ್ಷದಿಂದ ಬೆನ್ನ ಹಿಂದೆಯೇ ಅಂದರು.

ಅತ್ತೆ ಹೋದ ಮೇಲೆ ಎಗೊನ್ ಕೈ ತೊಳೆದು, ಗಿಸೆಲಾಳ ರಬ್ಬರ್ ಕೈಗವಸು ತೊಟ್ಟು, ಪುಸ್ತಕ ತೆರೆದ. ಮೊದಲು ರಜೆಯ ಪುಟ. ಹದಿನಾರರ ಆಗಸ್ಟ್, ಅದಾದ ಮೇಲೆ ನೇರವಾಗಿ ಹದಿನೇಳರ ಡಿಸೆಂಬರ್. ನಡುವೆ ಏನೂ ಇರಲಿಲ್ಲ. ಪುಟವನ್ನು ಬೆಳಕಿಗೆ ಹಿಡಿದ, ಓರೆ ಮಾಡಿದ, ತಲೆಕೆಳಗೆ ಮಾಡಿದ. ಹಾಳೆ ಖಾಲಿಯೇ ಇತ್ತು. ಅತ್ತೆಯನ್ನು ಅವನು ಹೆತ್ತ ತಾಯಿಗಿಂತ ಹೆಚ್ಚಾಗಿ ಹಚ್ಚಿಕೊಂಡಿದ್ದ. ಚಿಕ್ಕಂದಿನಲ್ಲಿ ಅವನ ಎಲ್ಲ ಬನಿಯನ್ನುಗಳೂ ಅವಳು ಕೊಟ್ಟವೇ. ಅವಳಿಗೆ ಇದನ್ನು ಹೇಳುವುದು ಹೇಗೆ?

ಆಗ ಕಣ್ಣಿಗೆ ಬಿದ್ದದ್ದು ವೈದ್ಯಕೀಯ ಪುಟ. ಅದರಲ್ಲಿ ಒಂದೇ ಒಂದು ಸಾಲಿತ್ತು. ಹದಿನೇಳರ ಜನವರಿ ಇಪ್ಪತ್ತೊಂಬತ್ತರಿಂದ ಫೆಬ್ರವರಿ ಹದಿನೇಳರವರೆಗೆ ಆಸ್ಪತ್ರೆ. ಪಕ್ಕದಲ್ಲಿ ಒಂದು ಮಸುಕಾದ ಮುದ್ರೆ, 'ಮೀಸಲು ಆಸ್ಪತ್ರೆ ಎರಡು' ಎಂದು ಮಾತ್ರ ಕಾಣುತ್ತಿತ್ತು. ಕಾಯಿಲೆಯ ಅಂಕಣದಲ್ಲಿ ಹೆಸರಿಲ್ಲ. ಸೈನಿಕನ ಗುಟ್ಟು ಜೊತೆಯವರಿಗೆ ತಿಳಿಯಬಾರದೆಂದು ಆಗಿನವರು ಬರೀ ನಂಬರು ಬರೆದಿದ್ದರು. ನಲವತ್ತೇಳು.

ಅಜ್ಜ ಆಗ ಫ್ರಾನ್ಸಿನಲ್ಲಿದ್ದ ಎಂಬುದು ಮನೆಯವರಿಗೆಲ್ಲ ಗೊತ್ತಿದ್ದ ಮಾತು. ಆದ್ದರಿಂದ ಆಸ್ಪತ್ರೆಯೂ ಫ್ರಾನ್ಸಿನದೇ ಎಂದು ಎಗೊನ್ ಆ ಮುದ್ರೆಯ ಕಡೆ ಎರಡನೆಯ ಸಲ ನೋಡಲಿಲ್ಲ. ಅವನ ಕಣ್ಣು ನೆಟ್ಟದ್ದು ನಂಬರಿನ ಮೇಲೆ. ಮೂವತ್ತೇಳು ವರ್ಷ ನಂಬರು ಉಂಡು ನಂಬರು ಕುಡಿದವನ ಕಣ್ಣು ಬೇರೆಲ್ಲಿ ನೆಟ್ಟೀತು? ಅಲ್ಲದೆ ಅತ್ತೆಗೆ ಉತ್ತರ ಹೇಳುವುದನ್ನು ಮುಂದೂಡಲು ಅದೊಂದು ಒಳ್ಳೆಯ ನೆಪವೂ ಆಯಿತು. ಅವಳು ದಿನ ಬಿಟ್ಟು ದಿನ ಫೋನು ಮಾಡಿದಾಗಲೆಲ್ಲ, ವೈದ್ಯಕೀಯ ಭಾಗ ಬಹಳ ಸೂಕ್ಷ್ಮವಾದದ್ದು, ಅದು ಬಗೆಹರಿಯದೆ ಉಳಿದ ಪುಟಗಳಿಗೆ ಹೋಗುವಂತಿಲ್ಲ ಎಂದು ಗಂಭೀರವಾಗಿ ಹೇಳಿ ತಪ್ಪಿಸಿಕೊಂಡ.

ಶುಕ್ರವಾರ ಸಂಜೆ 'ಕರಡಿ' ಎಂಬ ಬಿಯರ್ ಮನೆಯ ಕಾಯಂ ಮೇಜಿನಲ್ಲಿ ಅವನು ಈ ಸಂಶೋಧನೆಯ ವಿಷಯ ತೆಗೆದ. ತೆಗೆಯಬಾರದಿತ್ತು. ಆದರೆ ಎದುರಿಗೆ ಕೂತಿದ್ದವರು ನಿವೃತ್ತ ಮೇಷ್ಟ್ರು ಶ್ಟೋಲ್. ಅವರು ಹಳೆಯ ಅಗ್ನಿಶಾಮಕ ಠಾಣೆಯಲ್ಲಿ ಊರಿನ ವಸ್ತುಸಂಗ್ರಹಾಲಯ ಕಟ್ಟುತ್ತಿದ್ದರು. ಎರಡು ಕೋಣೆಗಳಲ್ಲಿ ಒಂದು ನೇಗಿಲುಗಳಿಗೆ, ಇನ್ನೊಂದು ಹಳೆಯ ಯುದ್ಧಕ್ಕೆ. ಯುದ್ಧದ ಕೋಣೆಯಲ್ಲಿ ಕೆಂಪು ಮಖಮಲ್ಲು ಹಾಸಿದ ಒಂದು ಗಾಜಿನ ಪೆಟ್ಟಿಗೆ ಸಿದ್ಧವಾಗಿತ್ತು, ಒಳಗಿಡಲು ಒಬ್ಬ ವೀರ ಬೇಕಾಗಿದ್ದ. ಎಗೊನ್ ಅಜ್ಜನ ಪುಸ್ತಕದ ಮಾತೆತ್ತಿದ್ದೇ ತಡ, ಮೇಷ್ಟ್ರು ಆ ಪೆಟ್ಟಿಗೆಯನ್ನು ಯಾಕೋಬ್ ಬಿಟ್ಸರನಿಗೆ ಕೊಟ್ಟುಬಿಟ್ಟರು. ಉದ್ಘಾಟನೆಯನ್ನು ಪೌಲೀನೆಯ ಎಂಬತ್ತನೇ ಹುಟ್ಟುಹಬ್ಬದ ಭಾನುವಾರಕ್ಕೇ ಇಟ್ಟುಕೊಳ್ಳೋಣ, ಹೆಂಗಸರು ಕೇಕು ಮಾಡಲಿ ಎಂದು ತೀರ್ಮಾನಿಸಿ, ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ ಎಂದರೆ ಗುಂಡೇಟೇ ಸರಿ ಎಂದು ಒಂದು ಬಿಯರು ಹೆಚ್ಚಿಗೆ ತರಿಸಿದರು.

ಪಶುವೈದ್ಯ ರಾಪ್ ಕೀಟಲೆಯ ಮನುಷ್ಯ. ಕಾಯಿಲೆ ಏನೆಂದು ಬರೆದಿದೆ ಎಂದು ಅವನು ಕೇಳಿದ. ನಂಬರು ಮಾತ್ರ ಇದೆ, ನಲವತ್ತೇಳು ಎಂದ ಎಗೊನ್.

"ನಂಬರು ಅಂದ್ಮೇಲೆ ನಿನಗೆ ಗೊತ್ತಿಲ್ದೆ ಇರತ್ತಾ?" ಎಂದ ರಾಪ್. "ಹೇಳು, ನಲವತ್ತೇಳು ಅಂದ್ರೇನು?"

ಎಗೊನನ ಬಾಯಿ ಅವನ ತಲೆಗಾಗಿ ಕಾಯಲಿಲ್ಲ. ಮೂವತ್ತೇಳು ವರ್ಷದ ಅಭ್ಯಾಸ ತಾನಾಗಿ ಉತ್ತರ ಕೊಟ್ಟಿತು.

"ಸಹಜ ಹೆರಿಗೆ," ಎಂದ. "ತಾಯಿ, ಮಗು ಕ್ಷೇಮ."

ರಾಪ್ ನಗಲು ಶುರುಮಾಡಿದವನು ಮೂಗಿನಿಂದ ಬಿಯರು ಬಂದರೂ ನಿಲ್ಲಿಸಲಿಲ್ಲ. ಅದು ವಿಮಾ ಕಚೇರಿಯ ಪಟ್ಟಿ, ಸೇನೆಯದು ಬೇರೆಯೇ ಇರುತ್ತದೆ ಎಂದು ಎಗೊನ್ ವಿವರಿಸಿದ. ಆ ವಿವರಣೆ ಮುಗಿಯುವ ಹೊತ್ತಿಗೆ ಸುದ್ದಿ ಅಡುಗೆಮನೆ ದಾಟಿ ಹಿತ್ತಲ ಬಾಗಿಲಿನಿಂದ ಬೀದಿಗೆ ಇಳಿದಿತ್ತು.

ಸೋಮವಾರ ಬೆಳಗ್ಗೆ ಬ್ರೆಡ್ಡಿನ ಅಂಗಡಿಯಲ್ಲಿ ಸರದಿ ನಿಂತವರು ಎಗೊನ್ ಬಂದೊಡನೆ ಹವಾಮಾನದ ಮಾತಾಡತೊಡಗಿದರು. ಊರಿನ ಲೆಕ್ಕದಲ್ಲಿ ತಿಂಗಳುಗಳು ಆಗಲೇ ಉದುರಿಹೋಗಿ ಬರೀ ಇಸವಿ ಉಳಿದಿತ್ತು. ಯಾಕೋಬ್ ಬಿಟ್ಸರ್ ಹದಿನೇಳರಲ್ಲಿ ಸೇನಾ ಆಸ್ಪತ್ರೆಯಲ್ಲಿ ಹೆತ್ತನಂತೆ, ಪೌಲೀನೆ ಹುಟ್ಟಿದ್ದೂ ಹದಿನೇಳರಲ್ಲೇ ಅಲ್ಲವೆ, ಸರ್ಕಾರಿ ಪುಸ್ತಕದಲ್ಲೇ ಬರೆದಿದೆಯಂತೆ. ಯಾರೂ ಅದನ್ನು ನಂಬಲಿಲ್ಲ. ಆದರೆ ಸರ್ಕಾರಿ ಪುಸ್ತಕವನ್ನು ನಂಬದೆ ಇರುವುದಕ್ಕೂ ಆ ಊರಿನವರಿಗೆ ಧೈರ್ಯವಿರಲಿಲ್ಲ.

ಮಂಗಳವಾರ ಪಾದ್ರಿ ಬಂದು ಕಾಫಿ ಕುಡಿದು, ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಏನಾದರೂ ತಿದ್ದಬೇಕಾಗಬಹುದೇ ಎಂದು ಬಹಳ ನಯವಾಗಿ ಕೇಳಿ ಹೋದರು. ಬುಧವಾರ ಜನನ ನೋಂದಣಿಯ ಅಧಿಕಾರಿಣಿ ಫೋನು ಮಾಡಿದಳು. ತನಗೆ ಗಾಳಿಸುದ್ದಿಗಳಲ್ಲಿ ಆಸಕ್ತಿಯಿಲ್ಲವೆಂದೂ, ಆದರೆ ತಾಯಿಯ ಹೆಸರು ಬದಲಾಯಿಸುವುದಿದ್ದರೆ ಅದಕ್ಕೆ ಪ್ರತ್ಯೇಕ ಅರ್ಜಿಯಿದೆಯೆಂದೂ, ತಂದೆತಾಯಿ ಇಬ್ಬರೂ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಹಾಜರಾಗಬೇಕೆಂದೂ ತಿಳಿಸಿದಳು. ಅವರಿಬ್ಬರೂ ಸ್ಮಶಾನದಲ್ಲಿದ್ದಾರೆ ಎಂದ ಎಗೊನ್. ಹಾಗಾದರೆ ವಿಳಾಸ ಬದಲಾವಣೆಯ ಅರ್ಜಿ ಬೇರೆ ಎಂದಳು ಅವಳು. ಅವಳು ತಮಾಷೆ ಮಾಡಿದಳೋ ಇಲ್ಲವೋ ಎಂದು ಎಗೊನ್ ಇವತ್ತಿಗೂ ಯೋಚಿಸುತ್ತಾನೆ.

ಎಲ್ಲರಿಗಿಂತ ಹೆಚ್ಚು ಕಂಗಾಲಾದವರು ಶ್ಟೋಲ್ ಮೇಷ್ಟ್ರು. ಬಾಣಂತಿಯನ್ನು ಕೆಂಪು ಮಖಮಲ್ಲಿನ ಮೇಲೆ ಇಡುವುದು ಹೇಗೆ? ಸರಿಯಾದ ಪಟ್ಟಿ ಹುಡುಕಿಕೊಡಿ ಎಂದು ಅವರು ಊರಿಗೆಲ್ಲ ಕರೆ ಕೊಟ್ಟರು. ಪಟ್ಟಿಗೆ ಆ ಊರಿನಲ್ಲಿ ಬರವೇ? ನಿವೃತ್ತ ಸ್ಟೇಷನ್ ಮಾಸ್ತರ್ ರೈಲ್ವೆಯ ಪಟ್ಟಿ ತಂದ. ಅದರಲ್ಲಿ ನಲವತ್ತೇಳೆಂದರೆ ಹಳಿಗಳು ಹೆಪ್ಪುಗಟ್ಟಿ ಗಾಡಿ ತಡ. ಅಗ್ನಿಶಾಮಕ ದಳದ ಪಟ್ಟಿಯಲ್ಲಿ ನೆಲಮಾಳಿಗೆಯಿಂದ ನೀರು ತೆಗೆಯುವುದು. ಪಶುವೈದ್ಯ ರಾಪ್ ತನ್ನದನ್ನೂ ತಂದು, ಗೊರಸು ಕೊಳೆಯುವ ರೋಗ, ಹತ್ತೊಂಬತ್ತು ದಿನ ಸರಿಯಾಗಿ ಹೊಂದುತ್ತದೆ ಎಂದು ಗಂಭೀರವಾಗಿ ವಾದಿಸಿದ. ಸಂಜೆಯ ಹೊತ್ತಿಗೆ ಯಾಕೋಬ್ ಬಿಟ್ಸರ್ ಗೊರಸು ಕೊಳೆತು, ನೆಲಮಾಳಿಗೆಯಲ್ಲಿ ನೀರು ನಿಂತು, ತಡವಾಗಿ ಹೊರಟು ಸುಖವಾಗಿ ಹೆತ್ತಿದ್ದ. ಮೇಷ್ಟ್ರು ಮಾತ್ರ ಎಲ್ಲ ಪಟ್ಟಿಗಳನ್ನೂ ಬದಿಗೊತ್ತಿ, ಸಿಡಿಗುಂಡಿನ ಚೂರು ಎಂದೇ ಚೀಟಿ ಬರೆಸಿಬಿಡೋಣ ಎಂದರು. ಪಟ್ಟಿಯಲ್ಲಿ ಇಲ್ಲದ್ದನ್ನು ಬರೆಯಲು ಎಗೊನನ ಕೈ ಏಳಲಿಲ್ಲ.

ಗುರುವಾರ ಪೌಲೀನೆ ಬಂದಳು. ಕಿಟಕಿಯಿಂದ ಅವಳ ಟೋಪಿ ಕಂಡದ್ದೇ ತಡ, ಎಗೊನ್ ಗುಡಿಸುವ ವಾರ ತನ್ನದಲ್ಲದಿದ್ದರೂ ಪೊರಕೆ ಹಿಡಿದು ಮೆಟ್ಟಿಲಿಗೆ ಇಳಿದ. ಗುಡಿಸುತ್ತಿರುವವನನ್ನು ಆ ಊರಿನಲ್ಲಿ ಯಾರೂ ಮಾತಾಡಿಸಿ ತಡೆಯುವುದಿಲ್ಲ. ಪೌಲೀನೆ ತಡೆದಳು.

"ಬ್ರೆಡ್ ಅಂಗಡಿಯಲ್ಲಿ ಕೇಳ್ದೆ," ಎಂದಳು. "ಎಂಬತ್ತು ವರ್ಷ ಆ ಮನುಷ್ಯ ನನ್ನ ಅಪ್ಪ ಅಲ್ಲ ಅಂತಿದ್ರು. ಈಗ ನನ್ನ ಅಮ್ಮ ಅಂತಿದ್ದಾರೆ. ಒಟ್ಟಿನಲ್ಲಿ ನಂಟು ಬೆಳೀತಾ ಇದೆ ಅನ್ನು."

ಅವಳ ಹೊಟ್ಟೆ ಕುಲುಕುತ್ತಿತ್ತು. ಎಗೊನ್ ಅವಳು ಅಳುತ್ತಿದ್ದಾಳೆಂದುಕೊಂಡು ಪೊರಕೆ ಕೆಳಗೆ ಹಾಕಿದ. ನಗುತ್ತಿದ್ದಳು. ಅವನೂ ನಕ್ಕ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಮನಸಾರೆ ನಕ್ಕರು. ನಗು ಮುಗಿದ ಮೇಲೆ ಅವಳು ಕಣ್ಣೊರೆಸಿಕೊಂಡು, ಈಗ ಹೇಳು, ರಜೆಯ ಪುಟದಲ್ಲಿ ಏನಿದೆ ಎಂದು ಕೇಳಿದಳು. ನೋಡಿಲ್ಲ ಎಂದು ಸುಳ್ಳು ಹೇಳಬೇಡ ಎಂದೂ ಸೇರಿಸಿದಳು.

ಎಗೊನನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಂದಿದ್ದರೆ ಅವತ್ತು ಹೇಳಿಬಿಡುತ್ತಿದ್ದ.

"ಏನೂ ಇಲ್ಲ ಅತ್ತೆ," ಎಂದ. "ಆ ಚಳಿಗಾಲ ರಜೆ ಇಲ್ಲ."

ಪೌಲೀನೆ ಸ್ವಲ್ಪ ಹೊತ್ತು ಎದುರು ಮನೆಯ ಕಿಟಕಿಯ ಹೂಕುಂಡ ನೋಡಿದಳು. ಸರಿ ಎಂದಳು. ಎದ್ದು ಕೋಟು ಕೊಡವಿಕೊಂಡು, ಹುಟ್ಟುಹಬ್ಬಕ್ಕೆ ಬಂದೇ ಬರುತ್ತೇನೆ, ಗಿಸೆಲಾ ಚೆರ್ರಿ ಕೇಕು ಮಾಡಲಿ, ಕೆನೆಯಲ್ಲಿ ಜಿಪುಣತನ ಮಾಡಬೇಡಿ ಎಂದು ಹೇಳಿ ಇಳಿದು ಹೋದಳು. ಎಗೊನ್ ಪೊರಕೆ ಹಿಡಿದುಕೊಂಡು ನಿಂತೇ ಇದ್ದ. ಇಷ್ಟು ವರ್ಷ ಅವಳ ಬೆನ್ನು ಇಷ್ಟು ಬಾಗಿದ್ದುದನ್ನು ಅವನು ಗಮನಿಸಿಯೇ ಇರಲಿಲ್ಲ.

ಅವತ್ತೇ ಕೂತು ಅವನು ರಾಜಧಾನಿಯ ಸೇನಾ ದಾಖಲೆಗಳ ಕಚೇರಿಗೆ ತುರ್ತು ಪತ್ರ ಬರೆದ. ಅಜ್ಜನ ಮಾನವನ್ನಾದರೂ ಬಾಣಂತಿತನದಿಂದ ಪಾರುಮಾಡಬೇಕಿತ್ತು. ಎಗೊನ್ ಎಗೊನನೇ ಆದ್ದರಿಂದ ಕೇಳಿದ್ದು ಒಂದೇ ಪ್ರಶ್ನೆ: ಸಾವಿರದ ಒಂಬೈನೂರ ಹದಿನೇಳರಲ್ಲಿ ನಲವತ್ತೇಳು ಎಂದರೆ ಏನು? ಜೊತೆಗೆ ಆ ಪುಟದ ನೆರಳಚ್ಚು ಇಟ್ಟ.

ಉತ್ತರ ಬಂದದ್ದು ಉದ್ಘಾಟನೆಯ ಹಿಂದಿನ ದಿನ. ಎಗೊನ್ ಲಕೋಟೆ ಒಡೆಯಲಿಲ್ಲ. ಗುಪ್ತರೋಗವೆಂದಿದ್ದರೆ? ಸೈನಿಕರಿಗೆ ಅದು ಬಂದದ್ದುಂಟು. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು ಎಂದು ಅವನ ತಲೆಯಲ್ಲಿ ನಂಬರುಗಳು ಮೆರವಣಿಗೆ ಹೊರಟವು. ಒಡೆಯದ ಲಕೋಟೆಯನ್ನು ಕೋಟಿನ ಒಳಜೇಬಿಗೆ ಸೇರಿಸಿ ಭಾನುವಾರ ಮಧ್ಯಾಹ್ನ ವಸ್ತುಸಂಗ್ರಹಾಲಯಕ್ಕೆ ಹೋದ.

ಯುದ್ಧದ ಕೋಣೆಯಲ್ಲಿ ಉದ್ದನೆಯ ಮೇಜುಗಳ ಮೇಲೆ ಹದಿನಾಲ್ಕು ಕೇಕುಗಳಿದ್ದವು. ಊರಿನ ಅರ್ಧ ಜನ ಅಲ್ಲಿದ್ದರು, ಉಳಿದರ್ಧ ಕಿಟಕಿಯಾಚೆ. ಮುಂದಿನ ಸಾಲಿನಲ್ಲಿ ನೀಲಿ ಟೋಪಿಯ ಪೌಲೀನೆ, ಅವಳ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ತೊಂಬತ್ತೆಂಟು ವರ್ಷದ ಆಮಾನ್ ಅಜ್ಜಿ. ಆಮಾನ್ ಅಜ್ಜಿ ಬಿಟ್ಸರ್ ಮನೆಯ ಹಳೆಯ ನೆರೆಯವಳು. ಬೆಳಗ್ಗೆ ಏನು ತಿಂದೆ ಎಂಬುದು ನೆನಪಿಲ್ಲದಿದ್ದರೂ ಎಂಬತ್ತು ವರ್ಷದ ಹಿಂದೆ ಪಕ್ಕದ ಮನೆಯವರು ಏನು ತಿಂದರು ಎಂಬುದು ಅವಳಿಗೆ ಬಾಯಿಪಾಠ. ಮೊಟ್ಟಮೊದಲು ಬೆರಳು ಮಡಿಚಿದವಳು ಅವಳೇ ಎಂದು ಊರಿನಲ್ಲಿ ಪ್ರತೀತಿ.

ಶ್ಟೋಲ್ ಮೇಷ್ಟ್ರು ಮುಕ್ಕಾಲು ಗಂಟೆ ಭಾಷಣ ಮಾಡಿ ಯಾಕೋಬ್ ಬಿಟ್ಸರನನ್ನು ಮೂರು ಸಲ ಗಾಯಗೊಳಿಸಿದರು. ಕೊನೆಗೆ, ದಾಖಲೆ ಕಚೇರಿಯಿಂದ ಪತ್ರ ಬಂದಿದೆಯೆಂದು ಅಂಚೆಯವರು ಹೇಳಿದ್ದಾರೆ, ಬಿಟ್ಸರ್ ಅವರು ಅದನ್ನು ಓದಬೇಕು ಎಂದು ಎಗೊನನ ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ತಳ್ಳಿದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಎಗೊನ್ ಕೇಕಿನ ಚಾಕುವಿನಿಂದ ಲಕೋಟೆ ಸೀಳಿ ಮೊದಲ ಸಾಲು ಓದಿಕೊಂಡ.

ನಲವತ್ತೇಳು ಎಂದರೆ ಕಜ್ಜಿ.

ಗುಪ್ತರೋಗವಾಗಿದ್ದರೂ ಚಿಂತೆಯಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಬುರ್ಲಿಂಗೆನ್ನಿನಲ್ಲಿ ಕುಡುಕನಿಗೆ ಕ್ಷಮೆಯಿದೆ, ಕಳ್ಳ ಜೈಲಿನಿಂದ ಬಂದರೆ ಮತ್ತೆ ಕರೆದು ಕೂರಿಸುತ್ತಾರೆ. ಆದರೆ ಕಜ್ಜಿ? ಅದು ಕೊಳಕಿನ ರೋಗ, ಮನೆಗೆ ಮನೆಯೇ ತಲೆ ತಗ್ಗಿಸುವ ರೋಗ. ಮೂವತ್ತೇಳು ವರ್ಷದಲ್ಲಿ ಬುರ್ಲಿಂಗೆನ್ನಿನ ಒಬ್ಬನೇ ಒಬ್ಬನಿಗೂ ಎಗೊನ್ ಕಜ್ಜಿಯ ನಂಬರು ಹಾಕಿರಲಿಲ್ಲ. ಅದು ಬಂದವರು ಪಕ್ಕದೂರಿನ ವೈದ್ಯರ ಹತ್ತಿರ ಹೋಗಿ ಬೇರೆ ಹೆಸರಿನಲ್ಲಿ ಮುಲಾಮು ತರುತ್ತಿದ್ದರು. ಎಗೊನ್ ಪತ್ರ ಮಡಿಚಿದ. ದಾಖಲೆ ಕಚೇರಿಯವರಿಗೂ ಗೊತ್ತಿಲ್ಲವಂತೆ, ವಿಷಾದ ಸೂಚಿಸಿದ್ದಾರೆ, ಎಲ್ಲರೂ ಕೇಕು ತೆಗೆದುಕೊಳ್ಳಿ ಎಂದ.

"ಎಗೊನ್," ಎಂದಳು ಪೌಲೀನೆ ಕೂತಲ್ಲಿಂದಲೇ. "ನಿನ್ನ ಕಿವಿ ಕೆಂಪಗಾಗಿದೆ. ಕೊಡು ಇಲ್ಲಿ."

ಅವನು ಕೊಡಲಿಲ್ಲ. ಅವಳು ಎದ್ದು ಬಂದು ತೆಗೆದುಕೊಂಡಳು. ಕನ್ನಡಕ ಸರಿಮಾಡಿಕೊಂಡು ಓದತೊಡಗಿದಳು. ಗಿರಣಿಯಲ್ಲಿ ಬನಿಯನ್ನು ಹಿಡಿದು ನೋಡುವಂತೆ ಮೇಲಿನಿಂದ ಕೆಳಕ್ಕೆ, ಒಂದು ಸಾಲೂ ಬಿಡದೆ. ಮೊದಲ ಸಾಲಿನಲ್ಲಿ ಅವಳ ಹುಬ್ಬು ಮೇಲೇರಿತು. ಎರಡನೆಯ ಪ್ಯಾರಾವನ್ನು ಅವಳು ಎರಡು ಸಲ ಓದಿದಳು. ಎರಡನೆಯ ಪ್ಯಾರಾ ಇದೆಯೆಂಬುದೇ ಎಗೊನನಿಗೆ ಗೊತ್ತಿರಲಿಲ್ಲ.

ಅವಳು ಅದನ್ನು ಗಟ್ಟಿಯಾಗಿ ಓದಿದಳು. ದಾಖಲೆ ಕಚೇರಿಯ ಯಾರೋ ಪುಣ್ಯಾತ್ಮ ಕೇಳದೆ ಇದ್ದದ್ದನ್ನೂ ಬರೆದಿದ್ದ. ಮುದ್ರೆ ಉಲ್ಮ್ ನಗರದ ಮೀಸಲು ಆಸ್ಪತ್ರೆಯದು. ಮೀಸಲು ಆಸ್ಪತ್ರೆಗಳು ಇದ್ದದ್ದು ಸ್ವದೇಶದಲ್ಲಿ ಮಾತ್ರ, ಫ್ರಾನ್ಸಿನಲ್ಲಿ ಅಲ್ಲ. ಆ ಜನವರಿಯಲ್ಲಿ ಸದರಿ ಸೈನಿಕನ ದಳವನ್ನು ಪಶ್ಚಿಮದಿಂದ ಪೂರ್ವಕ್ಕೆ ರೈಲಿನಲ್ಲಿ ಸಾಗಿಸುತ್ತಿದ್ದಾಗ ಉಲ್ಮ್‌ನಲ್ಲಿ ತಪಾಸಣೆ ನಡೆದು, ಕಜ್ಜಿ ಇದ್ದವರನ್ನು ಇಳಿಸಿಕೊಳ್ಳಲಾಯಿತು. ಮುಲಾಮಿನ ಚಿಕಿತ್ಸೆ ಒಂದು ವಾರ. ಗುಣವಾದವರು ಉಳಿದ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಊರೊಳಗೆ ಓಡಾಡಬಹುದಿತ್ತು, ಮನೆಯವರು ಬಂದು ಭೇಟಿಯಾಗಬಹುದಿತ್ತು. ಇದು ರಜೆಯಲ್ಲವಾದ್ದರಿಂದ ರಜೆಯ ಪುಟದಲ್ಲಿ ನಮೂದಾಗುವುದಿಲ್ಲ.

ಉಲ್ಮ್ ಬುರ್ಲಿಂಗೆನ್ನಿಗೆ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ.

ಮೇಜಿನ ಕೆಳಗೆ ಬೆರಳುಗಳು ಮಡಿಚಿಕೊಳ್ಳತೊಡಗಿದವು. ಫೆಬ್ರವರಿ, ಮಾರ್ಚ್, ಏಪ್ರಿಲ್. ಪಾದ್ರಿಯವರೂ ಎಣಿಸಿದರು. ನವೆಂಬರಿಗೆ ಬಂದು ಮುಟ್ಟಿದಾಗ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಲೆಕ್ಕ ಸರಿಯಾಗಿತ್ತು.

ಆಗ ಆಮಾನ್ ಅಜ್ಜಿ ಗಾಲಿಕುರ್ಚಿಯಲ್ಲಿ ಅಲುಗಾಡಿದಳು.

"ಅದಕ್ಕೇನಾ ಬಟ್ಟೆ?" ಎಂದಳು. "ಆ ಫೆಬ್ರವರಿ ಬಾರ್ಬರಾ ಹಾಸಿಗೆ ಬಟ್ಟೆಯೆಲ್ಲ ಮೂರು ಸಲ ಕುದಿಸಿದ್ಲು. ಮೊಣಕಾಲುದ್ದ ಹಿಮ ಹೊರಗೆ. ಏನೇ ಇದು ಅಂದ್ರೆ ವಸಂತದ ಶುಚಿ ಕೆಲಸ ಬೇಗ ಶುರು ಮಾಡ್ದೆ ಅಂದ್ಲು. ಬೇಲಿ ಹತ್ರ ನಿಂತು ಒಂದೇ ಸಮ ಕೈ ಕೆರ್ಕೋತಿದ್ಲು. ನಾನು ಪಾಪಪ್ರಜ್ಞೆ ಅಂದ್ಕೊಂಡೆ."

ಎಂಬತ್ತು ವರ್ಷದ ಗಂಟು ಅಲ್ಲಿ ಬಿಚ್ಚಿಕೊಂಡಿತು. ಬಾರ್ಬರಾ ಗಂಡನನ್ನು ನೋಡಲು ಗುಟ್ಟಾಗಿ ಉಲ್ಮ್‌ಗೆ ಹೋಗಿದ್ದಳು, ಗುಟ್ಟಾಗಿ ಬಂದಿದ್ದಳು, ಬರುವಾಗ ಪೌಲೀನೆಯ ಜೊತೆಗೆ ಕಜ್ಜಿಯನ್ನೂ ತಂದಿದ್ದಳು. ಹೋಗಿದ್ದೆ ಎಂದು ಹೇಳಿದರೆ ಯಾಕೆ ಆಸ್ಪತ್ರೆ ಎಂದು ಕೇಳುತ್ತಾರೆ, ಯಾಕೆಂದು ಹೇಳಿದರೆ ಬಿಟ್ಸರ್ ಮನೆಯಲ್ಲಿ ಕಜ್ಜಿ ಎಂದಾಗುತ್ತದೆ. ಆಕೆ ಯೋಚಿಸಿ ನೋಡಿದ್ದಳು. ಬೇರೆ ಗಂಡಸಿನ ಮಗು ಎಂದು ಊರು ಅಂದುಕೊಂಡರೆ ತಡೆದುಕೊಳ್ಳಬಹುದು, ಮನೆ ಕೊಳಕು ಎಂದು ಅಂದುಕೊಂಡರೆ ತಡೆದುಕೊಳ್ಳಲಾಗದು. ಗಂಡ ಅವಳ ಮಾತು ಮೀರುವವನಾಗಿರಲಿಲ್ಲ. ಪುಸ್ತಕ ಪೆಟ್ಟಿಗೆಯ ತಳ ಸೇರಿ, ಮೇಲೆ ಬಿಗಿಯಾಗಿ ಹೊಲಿಗೆ ಬಿತ್ತು. ಕೋಣೆಯಲ್ಲಿದ್ದ ಹೆಂಗಸರಲ್ಲಿ ಒಬ್ಬಳಿಗೂ ಇದು ವಿಚಿತ್ರ ಎನ್ನಿಸಲಿಲ್ಲ. ಗಿಸೆಲಾ ತಲೆಯಾಡಿಸಿ, ನಾನೂ ಅದನ್ನೇ ಮಾ‌ಡುತ್ತಿದ್ದೆ ಎಂದು ಪಕ್ಕದವಳಿಗೆ ಹೇಳಿದ್ದನ್ನು ಎಗೊನ್ ಕೇಳಿಸಿಕೊಂಡು ಸ್ವಲ್ಪ ಯೋಚನೆಗೆ ಬಿದ್ದ.

ಪೌಲೀನೆ ಇನ್ನೂ ಪತ್ರ ಹಿಡಿದೇ ನಿಂತಿದ್ದಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಆ ಸಂಬಂಧ ಮುರಿದ ದಿನ, ಅಮ್ಮನನ್ನು ನೇರವಾಗಿ ಕೇಳಿಬಿಟ್ಟಿದ್ದಳಂತೆ. ಕೆಲವು ವಿಷಯ ಮನೆಯಿಂದಾಚೆ ಹೋಗಬಾರದು ಎಂದಷ್ಟೇ ಅಮ್ಮ ಅಂದಿದ್ದಳಂತೆ. ಅದನ್ನೇ ಉತ್ತರವೆಂದು ತಿಳಿದು ಐವತ್ತೆಂಟು ವರ್ಷ ಬದುಕಿದೆ ಎಂದು ಪೌಲೀನೆ ಯಾರಿಗೂ ಅಲ್ಲದಂತೆ ಹೇಳಿದಳು. ಎಗೊನ್ ಹೋಗಿ ಅವಳ ತೋಳು ಹಿಡಿದುಕೊಂಡ. ಅವನ ತಲೆಗೆ ಆ ಕ್ಷಣ ಒಂದೂ ನಂಬರು ಬರಲಿಲ್ಲ.

ಮೊದಲು ಮಾತಾಡಿದವರು ಶ್ಟೋಲ್ ಮೇಷ್ಟ್ರು. ಗಾಜಿನ ಪೆಟ್ಟಿಗೆಯ ಚೀಟಿ ಇನ್ನೂ ಖಾಲಿಯಿತ್ತು. ಊರಿನ ಗೌರವದ ದೃಷ್ಟಿಯಿಂದ ಅದರಲ್ಲಿ 'ಸೇವೆಯಲ್ಲಿದ್ದಾಗ ಉಂಟಾದ ಚರ್ಮದ ತೊಂದರೆ' ಎಂದು ಬರೆಯುವುದು ಸೂಕ್ತ, ಇಸವಿಯನ್ನೂ ಊರನ್ನೂ ಬಿಡಬಹುದು ಎಂದು ಅವರು ಸಲಹೆ ಕೊಟ್ಟರು.

"ಕಜ್ಜಿ ಅಂತಲೇ ಬರೀರಿ ಮೇಷ್ಟ್ರೇ," ಎಂದಳು ಪೌಲೀನೆ. "ಉಲ್ಮ್, ಫೆಬ್ರವರಿ, ಹದಿನೇಳು. ದಪ್ಪ ಅಕ್ಷರದಲ್ಲಿ. ಆ ಕಜ್ಜಿಗೆ ನಾನು ಎಂಬತ್ತು ವರ್ಷ ಕಾದಿದ್ದೀನಿ."

ಎಗೊನ್ ತನ್ನ ಕಚೇರಿಯ ಚೆಂದದ ಅಕ್ಷರದಲ್ಲಿ ಹಾಗೆಯೇ ಬರೆದ. ನಂಬರು ಹಾಕಲಿಲ್ಲ. ಪುಸ್ತಕವನ್ನು ಆ ಪುಟಕ್ಕೆ ತೆರೆದು ಮಖಮಲ್ಲಿನ ಮೇಲಿಟ್ಟರು. ಊರಿನವರು ಸಾಲಾಗಿ ಬಂದು ಚೀಟಿ ಓದಿ, ತಮಗರಿವಿಲ್ಲದೆ ಕೈ ಕೆರೆದುಕೊಂಡು ಮುಂದೆ ಹೋದರು. ಪೌಲೀನೆ ಗಾಜಿನ ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಹುಟ್ಟಿದಾಗಿನಿಂದ ತನ್ನನ್ನು ಬಲ್ಲ ಪ್ರತಿಯೊಬ್ಬರ ಕೈ ಕುಲುಕಿ, ಹೊಸದಾಗಿ ಪರಿಚಯ ಮಾಡಿಸುವವಳಂತೆ ಹೇಳಿದಳು:

"ನಮ್ಮಪ್ಪ."